ಗಿಡ ಗಿಡ್ಡ ಇರಲಿ, ಕುಂಡ ದೊಡ್ಡದಿರಲಿ: ವಿಜಯಪುರದ ಮಾಳಿಗೆಯ ಮೇಲೆ ಚೆರ್ರಿ ಟೊಮೆಟೊ

ಗಿಡ್ಡ ಜಾತಿಯ ಚೆರ್ರಿ ಟೊಮೆಟೊಗೆ ನಾಲ್ಕೈದು ಇಂಚಿನ ಕುಂಡ ಸಾಕು ಅನ್ನುವ ಮಾತು ಬಹಳ ಓಡಾಡುತ್ತದೆ. ತಂಪು ಸೀಮೆಯ ಕಿಟಕಿ ಪಕ್ಕದಲ್ಲಿ ಅದು ನಡೆಯುತ್ತದೆ. ವಿಜಯಪುರದ ಮಾಳಿಗೆಯ ಮೇಲೆ ನಡೆಯುವುದಿಲ್ಲ. ಬೆಳಿಗ್ಗೆ ತುಂಬ ನೀರು ಹಾಕಿದ್ದರೂ ಅಷ್ಟು ಸಣ್ಣ ಕುಂಡ ಮಧ್ಯಾಹ್ನದ ಹೊತ್ತಿಗೆ ಒಣಗಿರುತ್ತದೆ, ಗಿಡ ಬಾಡಿರುತ್ತದೆ. ಇಲ್ಲಿ ಕುಂಡದ ಅಳತೆ ಗಿಡದ ಎತ್ತರ ನೋಡಿ ಗೊತ್ತು ಮಾಡುವಂಥದ್ದಲ್ಲ. ಸಂಜೆಯವರೆಗೆ ಬೇರಿನ ಹತ್ತಿರ ಹಸಿ ಉಳಿಯುತ್ತದೋ ಇಲ್ಲವೋ ಅನ್ನುವುದೇ ಲೆಕ್ಕ. ಗಿಡ್ಡ ತಳಿಗಳಲ್ಲಿ ಮೈಕ್ರೋ ಟಾಮ್ ಅನ್ನುವುದಕ್ಕೆ 8 ಇಂಚು, ಅದಕ್ಕಿಂತ ತುಸು ಎತ್ತರದ ಟೈನಿ ಟಿಮ್‌ಗೆ 10 ಇಂಚಿನ ಕುಂಡ, ಅಂದರೆ ಸುಮಾರು 10 ಲೀಟರ್ ಹಿಡಿಸುವಂಥದ್ದು ಬೇಕು. ಹಳೇ ಬಕೆಟ್, 15 ಕೆಜಿ ಎಣ್ಣೆ ಡಬ್ಬಿ ಕೂಡ ಆದೀತು. ತಳದಲ್ಲಿ ಕಿರುಬೆರಳು ಹೋಗುವಷ್ಟು ಐದಾರು ತೂತು ಮಾಡಿ. ಕರಿ ಪ್ಲಾಸ್ಟಿಕ್ ಬೇಡ. ಇರುವುದು ಅದೇ ಆದರೆ ಹೊರಗಡೆ ಬಿಳಿ ಬಣ್ಣ ಬಳಿಯಿರಿ, ಇಲ್ಲವೇ ಗೋಣಿ ಚೀಲ ಸುತ್ತಿ. ಕುಂಡವನ್ನು ನೇರ ಸಿಮೆಂಟಿನ ಮೇಲೆ ಇಡದೆ ಎರಡು ಇಟ್ಟಂಗಿ ಕೊಟ್ಟು ಎತ್ತಿದರೆ ನೀರೂ ಇಳಿಯುತ್ತದೆ, ನೆಲದ ಕಾವೂ ತಾಗುವುದಿಲ್ಲ.

ಜಾತಿ ಆರಿಸುವಾಗಲೇ ಒಂದು ದೊಡ್ಡ ಮೋಸ ಆಗುತ್ತದೆ. ಸೂಪರ್ ಮಾರ್ಕೆಟ್ಟಿನಿಂದ ತಂದ ಚೆರ್ರಿ ಟೊಮೆಟೊ ಹಿಂಡಿ ಬೀಜ ತೆಗೆದು ಹಾಕಿದರೆ ಬರುವುದು ಹೆಚ್ಚಾಗಿ ಆಳೆತ್ತರ ಮೀರಿ ಹಬ್ಬುವ ಬಳ್ಳಿ. ಅದಕ್ಕೆ ಹಂದರ ಬೇಕು, ದಾರ ಬೇಕು, ಎಲೆ, ಕಾಂಡದ ಸಂದಿಯಲ್ಲಿ ಬರುವ ಕಂಕುಳ ಚಿಗುರನ್ನು ವಾರಕ್ಕೊಮ್ಮೆ ಚಿವುಟಬೇಕು. ಸಣ್ಣ ಜಾಗಕ್ಕೆ ಹುಟ್ಟಾ ಗಿಡ್ಡ ಇರುವ ತಳಿಯೇ ಬೇಕು. ಟೈನಿ ಟಿಮ್ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಿಂದ 1945ರಲ್ಲಿ ಬಂದದ್ದು, ಒಂದೂವರೆ ಅಡಿಯ ಒಳಗೇ ನಿಲ್ಲುತ್ತದೆ. ಮೈಕ್ರೋ ಟಾಮ್ ಫ್ಲಾರಿಡಾ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದದ್ದು, ಗೇಣುದ್ದಕ್ಕಿಂತ ಹೆಚ್ಚು ಬೆಳೆಯುವುದು ಅಪರೂಪ. ನೋಡಲಿಕ್ಕೆ ಮೈಕ್ರೋ ಟಾಮ್ ಚಂದ. ತಿನ್ನಲಿಕ್ಕೆ, ಬುಟ್ಟಿ ತುಂಬಲಿಕ್ಕೆ ಟೈನಿ ಟಿಮ್ ಮೇಲು. ಒಂದೇ ಕುಂಡಕ್ಕೆ ಜಾಗ ಇದ್ದರೆ ಟೈನಿ ಟಿಮ್ಮನ್ನೇ ಹಚ್ಚಿ. ಇವೆರಡರ ಚಿಗುರನ್ನೂ ಚಿವುಟಬಾರದು, ಕಾಯಿ ಹಿಡಿಯುವ ಟೊಂಗೆಯನ್ನೇ ಕಿತ್ತಂತೆ ಆಗುತ್ತದೆ.

ಬೀಜ ಹಾಕುವ ಕಾಲ ಗಣೇಶ ಚೌತಿಯಿಂದ ದಸರಾದವರೆಗೆ. ಅರ್ಧ ಸೆಂಟಿಮೀಟರ್ ಆಳದಲ್ಲಿ ಹಾಕಿದರೆ ವಾರದಲ್ಲಿ ಮೊಳಕೆ, 25–30 ದಿನಕ್ಕೆ ಸಸಿ. ನೆಡುವಾಗ ಮೊದಲೆರಡು ಎಲೆಯವರೆಗೂ ಕಾಂಡವನ್ನು ಮಣ್ಣಲ್ಲಿ ಹೂಳಿ, ಹೂತ ಕಾಂಡದಿಂದಲೂ ಬೇರು ಬರುತ್ತದೆ. ಎಳ್ಳಮಾವಾಸ್ಯೆಯ ಆಸುಪಾಸಿಗೆ ಹಣ್ಣು ಶುರುವಾಗಿ ಶಿವರಾತ್ರಿವರೆಗೆ ಕೀಳಬಹುದು. ಫೆಬ್ರುವರಿ, ಮಾರ್ಚಿನಲ್ಲಿ ಬೀಜ ಹಾಕಿದರೆ ಗಿಡ ಬರುತ್ತದೆ, ಹೂವೂ ಬರುತ್ತದೆ, ಕಾಯಿ ಮಾತ್ರ ಕಟ್ಟುವುದಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಪರಾಗ ಕೆಡುತ್ತದೆ. ಹೂವಿನ ತೊಟ್ಟನ್ನು ಹತ್ತಿರದಿಂದ ನೋಡಿ: ನಡುವೆ ಒಂದು ಸಣ್ಣ ಗಂಟು ಕಾಣುತ್ತದೆ. ಆ ಗಂಟು ಹಳದಿಯಾದರೆ ಒಂದೆರಡು ದಿನದಲ್ಲಿ ಹೂವು ಸರಿಯಾಗಿ ಅಲ್ಲೇ ಮುರಿದು ಬೀಳುತ್ತದೆ. ಆಗ ಗೊಬ್ಬರ ಸುರಿದು ಪ್ರಯೋಜನವಿಲ್ಲ. ಚಳಿಗಾಲದಲ್ಲೂ ಗಾಳಿ ಆಡದ ಮೂಲೆಯಲ್ಲಿ ಕುಂಡ ಇದ್ದರೆ ಬೆಳಿಗ್ಗೆ ಹತ್ತರ ಸುಮಾರಿಗೆ ಹೂಗೊಂಚಲನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಟೊಮೆಟೊ ಹೂವು ತನಗೆ ತಾನೇ ಪರಾಗ ಮಾಡಿಕೊಳ್ಳುತ್ತದೆ, ಅಲುಗಾಟ ಮಾತ್ರ ಬೇಕು.

ಹೊಲದ ಎರೆ ಮಣ್ಣು ಕುಂಡಕ್ಕೆ ತರಬೇಡಿ. ಹೊಲದಲ್ಲಿ ಬಿಳಿಜೋಳಕ್ಕೆ ಬಂಗಾರ ಅದು. ಕುಂಡದಲ್ಲಿ ಹಸಿಯಾದಾಗ ಅಂಟಿಕೊಂಡು ಗಾಳಿ ಬಿಡುವುದಿಲ್ಲ, ಒಣಗಿದರೆ ಅಂಚಿನಿಂದ ಬಿಟ್ಟುಕೊಂಡು, ಹಾಕಿದ ನೀರೆಲ್ಲ ಆ ಬಿರುಕಿನಿಂದ ಕೆಳಗೆ ಓಡುತ್ತದೆ. ಅದರ ಬದಲು ನಾಲ್ಕು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮೂರು ಪಾಲು ಎರೆಹುಳು ಗೊಬ್ಬರ ಅಥವಾ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ದಪ್ಪ ಉಸುಕು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟ್‌ನಲ್ಲಿ ಉಪ್ಪಿರುತ್ತದೆ, ನೆನೆಸಿ ಎರಡು ಸಲ ಹಿಂಡಿ ಚೆಲ್ಲಿಯೇ ಬಳಸಿ. ತಳದಲ್ಲಿ ಜಲ್ಲಿ ಹಾಕುವ ರೂಢಿ ಬಿಟ್ಟುಬಿಡಿ. ಅದರಿಂದ ನೀರು ಬೇಗ ಇಳಿಯುವುದಿಲ್ಲ, ನೀರು ಹಿಡಿದು ನಿಲ್ಲುವ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ ಅಷ್ಟೇ.

ಇನ್ನು ನೀರು. ಇಲ್ಲಿ ಬೆಳೆ ಕೆಡುವುದೂ ಗೆಲ್ಲುವುದೂ ಇದರಲ್ಲೇ. ಕಾಯಿ ತುಂಬಿದ ಗಿಡಕ್ಕೆ ಚಳಿಗಾಲದಲ್ಲೂ ದಿನಕ್ಕೆ ಲೀಟರಿನಷ್ಟು ಬೇಕಾದೀತು. ಬೆರಳನ್ನು ಒಂದಿಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ತಳದಿಂದ ಜಿನುಗುವವರೆಗೆ ಹಾಕಿ. ಎರಡು ದಿನ ಮರೆತು ಮೂರನೇ ದಿನ ಹೊಟ್ಟೆ ತುಂಬ ಕೊಟ್ಟರೆ ಹಣ್ಣು ಸೀಳುತ್ತದೆ. ಕಾಯಿಯ ತಳದಲ್ಲಿ, ತೊಟ್ಟಿನ ಎದುರು ತುದಿಗೆ, ಕರಿ ಮಚ್ಚೆ ಬಿದ್ದರೂ ಬಹಳ ಸಲ ಕಾರಣ ಅದೇ. ಆ ಮಚ್ಚೆ ಸುಣ್ಣದ ಕೊರತೆಯದು ನಿಜ, ಆದರೆ ನಮ್ಮ ಬೋರ್ ನೀರಿನಲ್ಲಿ ಸುಣ್ಣಕ್ಕೇನು ಬರ? ಬೇರಿಂದ ಕಾಯಿಗೆ ಅದನ್ನು ಒಯ್ಯುವ ನೀರಿನ ಹರಿವು ತುಂಡಾಗಿರುತ್ತದೆ. ಮೊಟ್ಟೆ ಸಿಪ್ಪೆ ಪುಡಿ ಹಾಕುವ ಮೊದಲು ನೀರಿನ ಹೊತ್ತು ಸರಿಮಾಡಿ, ಮಣ್ಣಿನ ಮೇಲೆ ಎರಡಿಂಚು ಜೋಳದ ಕಣಿಕೆಯ ಚೂರೋ ಶೇಂಗಾ ಸಿಪ್ಪೆಯೋ ಹೊದಿಸಿ.

ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದು, ಎಲೆಯಂಚು ಕಂದಾಗಿದ್ದು ಕಂಡರೆ ಉಪ್ಪು ಕೂತಿದೆ ಅಂತ ತಿಳಿಯಿರಿ. ಮೂರು ವಾರಕ್ಕೊಮ್ಮೆ ಕುಂಡದ ಎರಡರಷ್ಟು ನೀರನ್ನು ನಿಧಾನ ಹಾಯಿಸಿ ತಳದಿಂದ ಪೂರ್ತಿ ಹೊರಬಿಡಿ. ಹಿಡಿದಿಟ್ಟ ಮಳೆನೀರಿದ್ದರೆ ಅದನ್ನು ಇದಕ್ಕೇ ಮೀಸಲಿಡಿ. ಮನೆಯ ಆರ್‌ಓ ಯಂತ್ರದಿಂದ ಹೊರಹೋಗುವ ನೀರನ್ನು ಮಾತ್ರ ದಯವಿಟ್ಟು ಹಾಕಬೇಡಿ. ಬೋರಿನ ಉಪ್ಪೆಲ್ಲ ಅದರಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿರುತ್ತದೆ.

ಗೊಬ್ಬರ ಕಡಿಮೆ ಮಾತಿನ ವಿಷಯ. ನೀರಲ್ಲಿ ಕರಗುವ ಗೊಬ್ಬರದ ಚೀಲದ ಮೇಲಿನ ಮೂರು ಅಂಕಿ ಸಾರಜನಕ, ರಂಜಕ, ಪೊಟ್ಯಾಷಿನ ಶೇಕಡಾ ಪಾಲು. ಹೂವು ಬರುವವರೆಗೆ ವಾರಕ್ಕೊಮ್ಮೆ 19:19:19 ಲೀಟರ್ ನೀರಿಗೆ 2 ಗ್ರಾಂ, ಹೂವು ಬಂದ ಮೇಲೆ 13:0:45 ಅಷ್ಟೇ ಪ್ರಮಾಣದಲ್ಲಿ. ರಾಸಾಯನಿಕ ಬೇಡದವರು ಹದಿನೈದು ದಿನಕ್ಕೊಂದು ಹಿಡಿ ಎರೆಹುಳು ಗೊಬ್ಬರ ಹಾಕಿದರೆ ಸಾಕು. ಯೂರಿಯಾ ಹಾಕಿದರೆ ಸೊಪ್ಪು ಬರುತ್ತದೆ, ಹಣ್ಣಲ್ಲ.

ಎಲೆ ಮುದುಡಿದ ತಕ್ಷಣ ಹೆದರುವವರು ಬಹಳ, ಆದ್ದರಿಂದ ಇದನ್ನು ಗುರುತಿಟ್ಟುಕೊಳ್ಳಿ. ಕೆಳಗಿನ ಹಳೇ ಎಲೆ ಹಸಿರಾಗೇ ಇದ್ದು ಉದ್ದಕ್ಕೆ ಸುರುಳಿಯಾದರೆ ಅದು ಬಿಸಿಲಿನ, ನೀರಿನ ಏರುಪೇರು, ರೋಗವಲ್ಲ. ತುದಿಯ ಹೊಸ ಎಲೆಗಳು ಸಣ್ಣಗಾಗಿ, ಅಂಚು ಹಳದಿಯಾಗಿ, ಮೇಲಕ್ಕೆ ಬಟ್ಟಲಿನಂತೆ ಮಡಚಿ, ಗಿಡ ಬೆಳೆಯುವುದನ್ನೇ ನಿಲ್ಲಿಸಿದರೆ ಅದು ಬಿಳಿ ನೊಣ ತರುವ ಮುದುಡು ರೋಗ. ವೈರಸ್‌ಗೆ ಔಷಧವಿಲ್ಲ, ಆ ಗಿಡ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದ ಗಿಡಗಳ ನಡುವೆ ಹಳದಿ ಅಂಟುಹಾಳೆ ತೂಗುಹಾಕಿ, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 1 ಮಿಲಿ ದ್ರವ ಸೋಪು ಕಲಸಿ ಸಂಜೆ ಹೊತ್ತು ಎಲೆಯ ಕೆಳಗಡೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಸಸಿ ಇರುವ ತಿಂಗಳು ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸುವುದು ಇದೆಲ್ಲಕ್ಕಿಂತ ಗಟ್ಟಿ ಉಪಾಯ. ಮಾರ್ಚಿನಲ್ಲಿ ಎಲೆಯಡಿ ಜೇಡರ ಬಲೆಯಂಥ ನೂಲು, ಮೇಲೆ ನವಿರಾದ ಹಳದಿ ಚುಕ್ಕೆ ಕಂಡರೆ ಅದು ಕೆಂಪು ನುಸಿ, ನೀರನ್ನು ರಭಸವಾಗಿ ಎಲೆಯಡಿಗೆ ಹೊಡೆದರೆ ಬಹಳಷ್ಟು ಹೋಗುತ್ತದೆ.

ಯುಗಾದಿ ಹೊತ್ತಿಗೆ ಗಿಡ ಸೊರಗುತ್ತದೆ. ಎಳೆದಾಡಿ ಬೇಸಿಗೆ ದಾಟಿಸುವುದಕ್ಕಿಂತ ಕಿತ್ತುಬಿಡುವುದು ಮೇಲು. ಅದಕ್ಕೂ ಮೊದಲು, ಗಿಡಕ್ಕೆ ಮುದುಡು ರೋಗ ತಾಗಿರದಿದ್ದರೆ, ಪೂರ್ತಿ ಹಣ್ಣಾದ ನಾಲ್ಕೈದನ್ನು ಹಿಂಡಿ, ಲೋಳೆ ಸಮೇತ ಎರಡು ದಿನ ಹುಳಿಯಲು ಬಿಟ್ಟು, ತೊಳೆದು ನೆರಳಲ್ಲಿ ಒಣಗಿಸಿಡಿ. ಟೈನಿ ಟಿಮ್ ಹೈಬ್ರಿಡ್ ಅಲ್ಲ, ಬೀಜದಿಂದ ಅದೇ ಗಿಡ ಬರುತ್ತದೆ. ಖಾಲಿಯಾದ ಕುಂಡದ ಮಣ್ಣಿಗೆ ಬದನೆ, ಮೆಣಸಿನಕಾಯಿ ಹಚ್ಚಬೇಡಿ, ಅವೂ ಇದೇ ಕುಲದವು, ಇದೇ ರೋಗದವು. ಹಿಡಿ ಗೊಬ್ಬರ ಬೆರೆಸಿ ರಾಜಗಿರಿಯೋ ಮೆಂತೆಯೋ ಹಾಕಿ.