ಚಾಂಗ್‌ಥಾಂಗ್: ಹೊರದಾರಿ ಮುಚ್ಚಿಹೋದ ಸರೋವರಗಳು

ಲಡಾಖಿನ ಸರೋವರಗಳ ಚಿತ್ರ ನೋಡಿದವರು ಮೊದಲು ಮಾತನಾಡುವುದು ಅಲ್ಲಿನ ನೀಲಿಯ ಬಗ್ಗೆ. ನನ್ನ ಗಮನವನ್ನು ಆ ನೀಲಿಗಿಂತ ಹೆಚ್ಚಾಗಿ ಹಿಡಿದಿಡುವುದು ದಡದಲ್ಲಿ ಹೆಪ್ಪುಗಟ್ಟಿದ ಬಿಳಿಯ ಉಪ್ಪು. ಹಿಮ ಕರಗಿ ಇಳಿದು ಬರುವ ನೀರು ಸಿಹಿನೀರೇ. ಅದು ಉಪ್ಪಾಗಬೇಕಾದರೆ ಸೇರಿದ ಜಾಗದಿಂದ ಮುಂದೆ ಹರಿಯಲು ದಾರಿ ಇಲ್ಲದಿರಬೇಕು. ಪಾಂಗಾಂಗ್, ತ್ಸೋ ಮೊರಿರಿ, ತ್ಸೋ ಕಾರ್ ಎಂಬ ಮೂರು ಸರೋವರಗಳನ್ನೂ ಒಂದೇ ಪ್ರದೇಶದ ಕಥೆಯಾಗಿ ಓದಲು ಈ ಒಂದು ಸಂಗತಿ ಸಾಕು ಎಂಬುದು ನನ್ನ ಅಭಿಪ್ರಾಯ.

ಟಿಬೆಟ್ ಪ್ರಸ್ಥಭೂಮಿಯ ಪಶ್ಚಿಮದ ಅಂಚು ಲಡಾಖಿನೊಳಕ್ಕೆ ಚಾಚಿಕೊಂಡಿರುವ ಭಾಗವೇ ಚಾಂಗ್‌ಥಾಂಗ್. ಇಲ್ಲಿ ಸರೋವರಗಳಿರುವ ಕಣಿವೆಗಳ ತಳವೇ 4,000 ಮೀಟರಿಗಿಂತ ಮೇಲಿದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಅಪ್ಪಳಿಸಿ, ನಡುವಿದ್ದ ಟೆಥಿಸ್ ಸಮುದ್ರ ಮುಚ್ಚಿಹೋಯಿತು. ಎರಡು ಭೂಖಂಡಗಳು ಬೆಸೆದ ಆ ಗೆರೆ ಇಂದಿಗೂ ಸಿಂಧೂ ನದಿಯ ಕಣಿವೆಯ ಉದ್ದಕ್ಕೂ ಕಾಣುತ್ತದೆ. ಅದರ ಸಮೀಪದ ಪೂಗಾ ಕಣಿವೆಯಲ್ಲಿ ನೆಲದಿಂದ ಬಿಸಿನೀರು ಉಕ್ಕುತ್ತದೆ, ಸುತ್ತಲಿನ ಮಣ್ಣಿನಲ್ಲಿ ಗಂಧಕವೂ ಬೋರಾಕ್ಸೂ ಕೂರುತ್ತವೆ. ಹಾಗೆ ಎದ್ದು ನಿಂತ ಹಿಮಾಲಯವೇ ಮುಂಗಾರಿನ ಮೋಡಗಳನ್ನು ದಕ್ಷಿಣದಲ್ಲಿ ತಡೆಯುವುದರಿಂದ, ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮವೆಲ್ಲ ಸೇರಿದರೂ ಸುಮಾರು 100 ಮಿಲಿಮೀಟರ್ ಮಾತ್ರ. ತೆಳುವಾದ ಗಾಳಿ, ಸುಡುವ ಬಿಸಿಲು, ಬಿಡದೆ ಬೀಸುವ ಒಣಗಾಳಿ ಇರುವ ಇಂಥ ಕಡೆ ನೀರು ಹೊರಹೋಗುವುದು ಆವಿಯಾಗಿ. ಹೊತ್ತು ತಂದ ಲವಣ ಹಿಂದೆಯೇ ಉಳಿಯುತ್ತದೆ.

ಸುಮಾರು 134 ಕಿಲೋಮೀಟರ್ ಉದ್ದದ, ಅಗಲ ತೀರ ಕಡಿಮೆಯಿರುವ ಪಾಂಗಾಂಗನ್ನು ನಕ್ಷೆಯಲ್ಲಿ ನೋಡಿದರೆ ಅದು ಮುಳುಗಿದ ನದೀಕಣಿವೆ ಎಂದು ಥಟ್ಟನೆ ಹೊಳೆಯುತ್ತದೆ. ಒಂದು ಕಾಲದಲ್ಲಿ ಅದರ ನೀರು ಪಶ್ಚಿಮದ ತುದಿಯಿಂದ ತಾಂಗ್ತ್ಸೆ ಎಂಬ ಹಳ್ಳಿಯ ಕಡೆಗೆ ಹರಿದು ಶ್ಯೋಕ್ ನದಿಯನ್ನು ಸೇರುತ್ತಿತ್ತು. ಇಂದು ಪ್ರವಾಸಿಗರು ಸರೋವರಕ್ಕೆ ಬರುವ ರಸ್ತೆ ಬಹುಮಟ್ಟಿಗೆ ಅದೇ ಹಳೆಯ ನೀರುದಾರಿಯನ್ನು ಹಿಡಿದಿದೆ. ಸರೋವರದ ಟಿಬೆಟ್ ಕಡೆಯ ತುದಿಗೆ ತೊರೆಗಳ ನೀರು ಹೆಚ್ಚು ಬರುವುದರಿಂದ ಅಲ್ಲಿ ನೀರು ಸಿಹಿಯಾಗಿದ್ದು, ಭಾರತದ ಕಡೆಗೆ ಬಂದಂತೆ ಉಪ್ಪಾಗುತ್ತದೆ. ಹಾಗಿದ್ದರೂ ಚಳಿಗಾಲದಲ್ಲಿ ಅದರ ಮೇಲ್ಮೈ ಮಂಜುಗಡ್ಡೆಯಾಗುತ್ತದೆ.

ತ್ಸೋ ಮೊರಿರಿಯ ನೀರು ದಕ್ಷಿಣಕ್ಕೆ, ಪರೇಛು ನದಿಯ ಕಡೆಗೆ ಹೋಗುತ್ತಿತ್ತು. ಪಕ್ಕದ ಬೆಟ್ಟಗಳಿಂದ ತೊರೆಗಳು ತಂದು ಸುರಿದ ಕಲ್ಲುಮಣ್ಣಿನ ರಾಶಿ ಆ ಬಾಯಿಯನ್ನು ಕಟ್ಟಿಹಾಕಿತು. ಇದರ ನೀರಿನಲ್ಲಿ ಉಪ್ಪಿನಂಶ ಅಲ್ಪವೇ. 2002ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಆದರೆ ಈ ಭೂಗೋಳವನ್ನು ಅತ್ಯಂತ ಸ್ಪಷ್ಟವಾಗಿ ಕಲಿಸುವುದು ಪ್ರವಾಸಿಗರು ಅವಸರದಲ್ಲಿ ದಾಟಿಹೋಗುವ ತ್ಸೋ ಕಾರ್. ಒಂದೇ ಬಟ್ಟಲಿನಂಥ ತಗ್ಗಿನಲ್ಲಿ ಇಲ್ಲಿ ಎರಡು ಸರೋವರಗಳಿವೆ. ಚಿಕ್ಕದಾದ ಸ್ಟಾರ್ಟ್ಸಾಪುಕ್ ತ್ಸೋದಿಂದ ನೀರು ದೊಡ್ಡದಾದ ತ್ಸೋ ಕಾರಿಗೆ ಹರಿದುಹೋಗುವುದರಿಂದ ಚಿಕ್ಕದು ಸಿಹಿಯಾಗಿಯೇ ಉಳಿದಿದೆ. ಮುಂದೆ ಹೋಗಲು ದಾರಿಯಿಲ್ಲದ ದೊಡ್ಡದು ಕಹಿ ಉಪ್ಪಾಗಿದೆ. ಒಂದೇ ಬೆಟ್ಟಗಳ ನಡುವೆ, ಒಂದೇ ಆಕಾಶದ ಕೆಳಗೆ, ಒಂದು ಕಾಲುವೆಯಷ್ಟರಿಂದಲೇ ಇಷ್ಟು ವ್ಯತ್ಯಾಸ! ಸುತ್ತಲಿನ ಇಳಿಜಾರುಗಳನ್ನು ನಿಧಾನವಾಗಿ ಗಮನಿಸಿದರೆ ಒಂದರ ಮೇಲೊಂದು ಅಡ್ಡಗೆರೆಗಳು ಕಾಣಿಸುತ್ತವೆ. ಅವೆಲ್ಲ ಸರೋವರದ ಹಳೆಯ ದಡಗಳು. ನೀರು ಈಗಿರುವುದಕ್ಕಿಂತ ಹತ್ತಾರು ಮೀಟರ್ ಎತ್ತರದಲ್ಲಿ ನಿಂತಿದ್ದ ಕಾಲದ ಗುರುತುಗಳು. ನೀರು ಹಿಂದೆ ಸರಿದಂತೆ ಬಯಲಾದ ನೆಲದಿಂದ ಚಾಂಗ್‌ಪಾ ಪಶುಪಾಲಕರು ಬಹುಕಾಲ ಉಪ್ಪನ್ನು ತೆಗೆದು ಮಾರುತ್ತಿದ್ದರು.

ಸ್ಟಾರ್ಟ್ಸಾಪುಕ್‌ನ ಜೌಗಿನಲ್ಲಿ ಕಪ್ಪುಕೊರಳಿನ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಪಶ್ಮೀನಾ ಮೇಕೆಗಳ ಮಂದೆಗೆ ಹಸಿರು ಸಿಗುವುದೂ ಇಂಥ ಒದ್ದೆ ನೆಲದಲ್ಲಿಯೇ. ಪ್ರವಾಸಿಗರ ಡೇರೆಗಳಿಗೂ ಬೇಕಾದುದು ಸಿಹಿನೀರೇ ಆದ್ದರಿಂದ, ಇಷ್ಟು ವಿಶಾಲವಾದ ಪ್ರದೇಶದಲ್ಲಿ ಎಲ್ಲರೂ ಕೆಲವೇ ತೊರೆಗಳ ಬಳಿ ಬಂದು ಸೇರುತ್ತಾರೆ. ನದಿಗೆ ಬಿದ್ದ ಕೊಳೆ ಕೆಳಕ್ಕಾದರೂ ಹೋಗುತ್ತದೆ. ಸಾಬೂನು, ಡಿಟರ್ಜೆಂಟ್, ಶೌಚದ ನೀರು ಈ ತಗ್ಗುಗಳನ್ನು ಸೇರಿದರೆ ಅದರೊಳಗಿನ ಪದಾರ್ಥಗಳು ಉಪ್ಪಿನಂತೆಯೇ ಅಲ್ಲಿ ಕೂಡುತ್ತಾ ಹೋಗುತ್ತವೆ. ಹೀಗಾಗಿ ದಡದಿಂದ ಡೇರೆಗಳನ್ನು ದೂರವಿಡಬೇಕೆಂಬ ಬೇಡಿಕೆ ಬರಿಯ ಅಂದದ ಪ್ರಶ್ನೆಯಲ್ಲ, ಈ ನೆಲದ ರಚನೆಯೇ ಅದನ್ನು ಕೇಳುತ್ತಿದೆ.