ನಕ್ಷೆಯನ್ನಲ್ಲ, ನೋಟವನ್ನು ತಿರುಗಿಸುವುದು

ಮಂಗಳೂರು, 18 ಜುಲೈ 2024, ಗುರುವಾರ

ಸಸಿಹಿತ್ಲು ಕಡೆಯ ಸಮುದ್ರದಂಡೆಯ ಜಾಗವೊಂದರ ಸರ್ವೆ ಫೈಲ್ ಇಂದು ಕಚೇರಿಗೆ ಬಂತು. ನಮ್ಮ ಕರಾವಳಿಯ ದಡ ನೇರ ಉತ್ತರ ದಕ್ಷಿಣವಾಗಿಲ್ಲ. ಮಂಗಳೂರಿನಿಂದ ಮಲ್ಪೆಯ ಕಡೆಗೆ ಹೋದಂತೆ ಅದು ಪಶ್ಚಿಮಕ್ಕೆ ವಾಲುತ್ತದೆ. ದಡವನ್ನು ಅನುಸರಿಸಿ ರಸ್ತೆ, ರಸ್ತೆಯನ್ನು ಅನುಸರಿಸಿ ಪಾಗಾರ, ಪಾಗಾರವನ್ನು ಅನುಸರಿಸಿ ಮನೆ ಎಂಬಂತೆ ಇಲ್ಲಿನ ಕಟ್ಟಡಗಳು ಎದ್ದಿರುವುದರಿಂದ, ಉತ್ತರ ಮೇಲೆ ಬರುವಂತೆ ತೆರೆದ ಆಟೋಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ) ಪರದೆಯಲ್ಲಿ ಸಮುದ್ರದ ಬದಿಯ ಹೆಚ್ಚಿನ ಜಾಗಗಳು ಓರೆಯಾಗಿಯೇ ಕಾಣಿಸುತ್ತವೆ. ಇಂದಿನ ಜಾಗದ ಓರೆ ಸುಮಾರು 17 ಡಿಗ್ರಿ.

ಹೊಸದಾಗಿ ಸೇರಿದ ಹುಡುಗಿ ಫೈಲ್ ತೆರೆದವಳೇ, "ಅಕ್ಕಾ, ಎಲ್ಲವನ್ನೂ ಸೆಲೆಕ್ಟ್ ಮಾಡಿ ಒಮ್ಮೆ ರೊಟೇಟ್ ಮಾಡಿಬಿಡುವುದಾ?" ಎಂದು ಕೇಳಿದಳು. ಓರೆಯಾದ ಗೋಡೆಗೆ ಓರೆಯಾಗಿಯೇ ಕಿಟಕಿ ಬಾಗಿಲು ಕೂರಿಸುತ್ತ ಹೋಗುವುದು ಕಷ್ಟವೆಂಬುದು ನಿಜ, ಆದ್ದರಿಂದ ಅವಳ ಪ್ರಶ್ನೆ ಸಹಜವಾದದ್ದೇ. ಆದರೆ ಸರ್ವೆಯವರು ಕೊಟ್ಟ ಪ್ರತಿಯೊಂದು ಗಡಿಕಲ್ಲೂ, ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ಯುಟಿಎಂ ಪದ್ಧತಿಯ 43ನೆಯ ವಲಯದ ನಿರ್ದೇಶಾಂಕಗಳಲ್ಲಿ ಕುಳಿತಿದೆ. ಎಕ್ಸ್ 4,76,000 ಮೀಟರಿನ ಆಸುಪಾಸಿನಲ್ಲಿದ್ದರೆ ವೈ 14,45,000 ಮೀಟರಿನ ಆಸುಪಾಸಿನಲ್ಲಿದೆ. ಈ ಜಾಗ ಭೂಮಿಯ ಮೇಲೆ ಎಲ್ಲಿದೆ ಎಂಬುದನ್ನು ಆ ಫೈಲಿನಲ್ಲಿ ಹೇಳುವುದು ಈ ಅಂಕಿಗಳು ಮಾತ್ರ. ರೊಟೇಟ್ ಕಮಾಂಡ್ ಕೊಟ್ಟ ಕ್ಷಣಕ್ಕೆ ತಿರುಗುಬಿಂದುವೊಂದನ್ನು ಬಿಟ್ಟು ಉಳಿದ ಎಲ್ಲ ಬಿಂದುಗಳ ಅಂಕಿಗಳೂ ಬದಲಾಗುತ್ತವೆ. ಆಮೇಲೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯ ಹೈಟೈಡ್ ಲೈನನ್ನು, ಅಂದರೆ ಭರತದ ನೀರು ಮುಟ್ಟುವ ಗೆರೆಯನ್ನು, ತಂದು ಅದರ ಮೇಲೆ ಹಾಸಿದರೆ ಎರಡೂ ಹೊಂದುವುದಿಲ್ಲ. ಸಮುದ್ರದ ಬದಿಯಲ್ಲಿ ಆ ಗೆರೆಯಿಂದ 500 ಮೀಟರ್ ಒಳಗಿನ ನೆಲವೆಲ್ಲ ನಿಯಮದ ವ್ಯಾಪ್ತಿಗೆ ಬರುವುದರಿಂದ, ಮನೆ ಕಟ್ಟಬಹುದೋ ಬಾರದೋ ಎಂಬ ತೀರ್ಮಾನವೇ ಈ ಹೊಂದಾಣಿಕೆಯ ಮೇಲೆ ನಿಂತಿರುತ್ತದೆ.

ಹಾಗಾಗಿ ನಕ್ಷೆಯನ್ನು ಮುಟ್ಟದೆ ಅಕ್ಷಗಳನ್ನು ತಿರುಗಿಸುವುದನ್ನು ಅವಳಿಗೆ ತೋರಿಸಿದೆ. ಯುಸಿಎಸ್ (ನಮಗೆ ಬೇಕಾದಂತೆ ಇಟ್ಟುಕೊಳ್ಳುವ ಅಕ್ಷಗಳು) ಎಂದು ಟೈಪ್ ಮಾಡಿ, ನೈಋತ್ಯದ ಗಡಿಕಲ್ಲನ್ನು ಮೂಲಬಿಂದುವಾಗಿ ಹಿಡಿದು, ದಕ್ಷಿಣದ ಪಾಗಾರದ ಇನ್ನೊಂದು ತುದಿಯನ್ನು ಎಕ್ಸ್ ಅಕ್ಷದ ದಿಕ್ಕಿಗೆ ಒತ್ತಿ, ಒಳಭಾಗದಲ್ಲಿ ಮೂರನೆಯ ಬಿಂದುವನ್ನು ವೈ ಅಕ್ಷಕ್ಕೆ ಕೊಟ್ಟೆವು. ಪರದೆಯ ಮೇಲೆ ಜಾಗ ಒಂದಿಷ್ಟೂ ಅಲುಗಲಿಲ್ಲ. ಕರ್ಸರಿನ ಎರಡು ಗೆರೆಗಳು ಮಾತ್ರ ಪಾಗಾರದ ಓರೆಗೆ ಸರಿಯಾಗಿ ವಾಲಿ ನಿಂತವು. ಗೆರೆಯನ್ನು ಅಕ್ಷದ ದಿಕ್ಕಿಗೇ ಹಿಡಿದಿಡುವ ಆರ್ಥೋ ಹಾಕಿ ಎಳೆದರೆ ಅದು ಪಾಗಾರಕ್ಕೆ ಸಮಾನಾಂತರವಾಗಿಯೇ ಓಡಿತು. ಆಮೇಲೆ ಪ್ಲಾನ್ ಕಮಾಂಡ್ ಕೊಟ್ಟಾಗ ಇಡೀ ನೋಟ ತಿರುಗಿ ಜಾಗ ನೇರವಾಯಿತು, ಉತ್ತರದ ಬಾಣ ಬಲಕ್ಕೆ ವಾಲಿತು.

ಇವೆರಡೂ ಬೇರೆ ಬೇರೆ ಕೆಲಸಗಳು ಎಂಬುದನ್ನು ಅವಳು ಕಣ್ಣಾರೆ ನೋಡಬೇಕು ಎಂಬುದು ನನ್ನ ಉದ್ದೇಶವಾಗಿತ್ತು. ಯುಸಿಎಸ್ ತಿರುಗಿಸುವುದು ಅಳೆಯುವ ಅಕ್ಷಗಳನ್ನು. ಪ್ಲಾನ್ ತಿರುಗಿಸುವುದು ನೋಡುವ ಕಣ್ಣನ್ನು. ನೋಟವನ್ನು ಹಾಗೆಯೇ ಇಟ್ಟು ಯುಸಿಎಸ್ ಅನ್ನು ಫೈಲಿನ ಮೂಲ ಅಕ್ಷಗಳಾದ ವರ್ಲ್ಡ್‌ಗೆ ಮರಳಿಸಿ, ಗಡಿಕಲ್ಲಿನ ಮೇಲೆ ಐಡಿ ಕಮಾಂಡ್ ಒತ್ತಿದಾಗ ಸರ್ವೆಯವರ ಅಂಕಿ ಕೊನೆಯ ದಶಾಂಶದವರೆಗೂ ಹಾಗೆಯೇ ಸಿಕ್ಕಿತು. ಡಿವ್ಯೂ ಕಮಾಂಡಿನ ಟ್ವಿಸ್ಟ್ ಬಳಸಿದರೆ ನೋಟ ಮಾತ್ರ ತಿರುಗುತ್ತದೆ, ಅಕ್ಷಗಳು ಹಿಂದಿನಂತೆಯೇ ಉಳಿಯುತ್ತವೆ. ಯುಸಿಎಸ್‌ಫಾಲೋ ಎಂಬ ಸೆಟ್ಟಿಂಗನ್ನು 1 ಮಾಡಿಕೊಂಡರೆ ಅಕ್ಷ ಬದಲಾದಾಗಲೆಲ್ಲ ನೋಟವೂ ತಾನಾಗಿ ತಿರುಗುತ್ತದೆ. ಹಲವರಿಗೆ ಅದು ಅನುಕೂಲ. ನಾನು ಮಾತ್ರ ಅದನ್ನು 0 ಯಲ್ಲೇ ಇಡುತ್ತೇನೆ, ಏಕೆಂದರೆ 1 ಮಾಡಿದರೆ ಕಲಿಯುವವರಿಗೆ ಎರಡೂ ಒಂದೇ ಎಂಬ ಭಾವನೆ ಬಂದುಬಿಡುತ್ತದೆ.

ಆಟೋಕ್ಯಾಡಿಗೆ ಯುಸಿಎಸ್ ಎಂಬ ಈ ಸೌಲಭ್ಯ ಬಂದದ್ದು 1988ರ ರಿಲೀಸ್ 10ರಲ್ಲಿ. ಆದರೆ ಜಾಗಕ್ಕೆ ಅದರದೇ ಅಕ್ಷವನ್ನು ಕೊಟ್ಟು ಅಳೆಯುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸದೇನಲ್ಲ. 1956ಕ್ಕೆ ಮೊದಲು ನಾವು ಮದ್ರಾಸಿಗೆ ಸೇರಿದ್ದರಿಂದ ಇಲ್ಲಿನ ಹಳೆಯ ಜಮೀನುಗಳಿಗೆಲ್ಲ ಎಫ್‌ಎಂಬಿ (ಹೊಲದ ಅಳತೆ ಪುಸ್ತಕ) ನಕ್ಷೆಗಳಿವೆ. ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜಿ ಲೈನ್ ಎಳೆದು, ಆ ಗೆರೆಯ ಮೇಲೆ ಎಷ್ಟು ದೂರ ಬಂದೆವು, ಅಲ್ಲಿಂದ ಲಂಬವಾಗಿ ಗಡಿಯ ತಿರುವು ಎಷ್ಟು ದೂರವಿದೆ ಎಂಬ ಎರಡು ಅಳತೆಗಳನ್ನು ಸರಪಳಿ ಹಿಡಿದವರು ಲಿಂಕುಗಳ (ಸರಪಳಿಯ ಕೊಂಡಿಗಳ) ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ಜಿ ಲೈನೇ ಅವರ ಎಕ್ಸ್ ಅಕ್ಷ, ಲಂಬದ ಅಳತೆಯಾದ ಆಫ್‌ಸೆಟ್ಟೇ ವೈ. ಉತ್ತರ ಯಾವ ಕಡೆಗಿದ್ದರೂ ಅವರ ಅಳತೆಗೆ ಅಡ್ಡಿಯಾಗಲಿಲ್ಲ. ಮಧ್ಯಾಹ್ನ ಇದೇ ಜಾಗದ ಎಫ್‌ಎಂಬಿ ಪ್ರತಿಯನ್ನು ಎದುರಿಗಿಟ್ಟುಕೊಂಡು, ಜಿ ಲೈನಿಗೆ ಯುಸಿಎಸ್ ಹೊಂದಿಸಿ, ಲಿಂಕನ್ನು 0.201168 ಮೀಟರಿನಿಂದ ಗುಣಿಸಿ ಆಫ್‌ಸೆಟ್‌ಗಳನ್ನು ಒಂದೊಂದಾಗಿ ಟೈಪ್ ಮಾಡುತ್ತ ಹೋದಾಗ, ಹಳೆಯ ಗಡಿ ಇಂದಿನ ಪಾಗಾರದ ಪಕ್ಕದಲ್ಲೇ ಮೂಡಿಬಂದದ್ದನ್ನು ನೋಡಿ ನನಗೆ ನಿಜವಾಗಿಯೂ ಸಂತೋಷವಾಯಿತು. ಆ ಬರೆಹಗಾರರ ಕೈಬರಹವೂ ಎಷ್ಟು ಸ್ಪಷ್ಟ!

ಲೇಔಟಿನ (ಮುದ್ರಿಸುವ ಹಾಳೆಯ) ಕೆಲಸ ಬೇಗ ಮುಗಿಯಿತು. ಹಾಳೆಯಲ್ಲಿ ನಕ್ಷೆ ಕಾಣುವ ಚೌಕಟ್ಟಾದ ವ್ಯೂಪೋರ್ಟಿನ ಒಳಗೆ ಹೋಗಿ ಅಲ್ಲಿಯೂ ಪ್ಲಾನ್ ಕೊಟ್ಟು, ಸ್ಕೇಲ್ ಹೊಂದಿಸಿ, ಲಾಕ್ ಮಾಡಿದೆವು. ಉತ್ತರದ ಬಾಣವನ್ನು ಹಾಳೆಯ ಮೇಲೆ ಅಂದಾಜಿನಲ್ಲಿ ಇಡುವ ರೂಢಿ ಹಲವು ಕಡೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ವಾಸ್ತು ನೋಡುವ ಮನೆಯವರು ನೇರವಾಗಿ ಕಾಣುವ ಗೋಡೆಯನ್ನೇ ಪೂರ್ವವೆಂದು ತಿಳಿದುಕೊಳ್ಳುತ್ತಾರೆ. ವರ್ಲ್ಡ್ ಅಕ್ಷದಲ್ಲಿರುವಾಗಲೇ ಬಾಣವನ್ನು ಹಾಳೆಯ ಮೇಲಲ್ಲ, ನಕ್ಷೆಯೇ ಇರುವ ಮಾಡೆಲ್ ಸ್ಪೇಸಿನಲ್ಲಿ ಕೂರಿಸಿದರೆ ನೋಟ ಹೇಗೆ ತಿರುಗಿದರೂ ಅದು ಉತ್ತರವನ್ನೇ ತೋರಿಸುತ್ತದೆ. ಯುಟಿಎಂ ವಲಯದ ಮಧ್ಯರೇಖೆಯಾದ 75 ಡಿಗ್ರಿ ರೇಖಾಂಶ ನಮಗೆ ತೀರ ಹತ್ತಿರವಿರುವುದರಿಂದ, ಗ್ರಿಡ್ಡಿನ ಉತ್ತರಕ್ಕೂ (ಯುಟಿಎಂ ವೈ ಅಕ್ಷದ ದಿಕ್ಕಿಗೂ) ನಿಜವಾದ ಉತ್ತರಕ್ಕೂ ಇಲ್ಲಿ ಕೆಲವೇ ಮಿನಿಟುಗಳಷ್ಟು (ಒಂದು ಮಿನಿಟು ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ) ವ್ಯತ್ಯಾಸ.

ಸಂಜೆ ಹೊರಡುವ ಮೊದಲು ಅವಳ ನೋಟ್‌ಬುಕ್ಕಿನಲ್ಲಿ ಒಂದು ಮಾತನ್ನು ಕೆಂಪು ಶಾಯಿಯಲ್ಲಿ ಬರೆಸಿದೆ. ತಿರುಗಿಸಿದ ಯುಸಿಎಸ್ ಚಾಲ್ತಿಯಲ್ಲಿರುವಾಗ, ನಕ್ಷೆಯ ಭಾಗವನ್ನು ಬೇರೆ ಫೈಲಾಗಿ ಉಳಿಸುವ ಡಬ್ಲ್ಯೂಬ್ಲಾಕ್ ಮಾಡಿದರೆ ಹೊಸ ಫೈಲಿನ ವರ್ಲ್ಡ್ ಅಕ್ಷಗಳು ಆ ಯುಸಿಎಸ್‌ಗೆ ಸಮಾನಾಂತರವಾಗಿ ಹುಟ್ಟುತ್ತವೆ. ಅಂದರೆ ಯಾರೂ ರೊಟೇಟ್ ಮಾಡದಿದ್ದರೂ ನಕ್ಷೆ ತಿರುಗಿರುತ್ತದೆ. ನಾಳೆ ಪಾಯ ಗುರುತಿಸುವವರಿಗೆ ಕಳಿಸಬೇಕಾದ ಫೈಲನ್ನು ಯುಸಿಎಸ್ ವರ್ಲ್ಡ್‌ಗೆ ತಂದ ಮೇಲೆಯೇ ಬೇರ್ಪಡಿಸಿ, ಎರಡು ಗಡಿಕಲ್ಲುಗಳ ಅಂಕಿಯನ್ನು ಸರ್ವೆಯ ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸವನ್ನು ಅವಳಿಗೇ ಒಪ್ಪಿಸಿದ್ದೇನೆ.