ಪಂದ್ಯ ನಡೆಯುವಾಗ ಮ್ಯಾಟ್ ಮೂಲೆಯ ತರಬೇತುದಾರರ ಕುರ್ಚಿಯಲ್ಲಿ ಕುಳಿತು ಏನು ಯೋಚಿಸುತ್ತೀರಿ?

ದಾವಣಗೆರೆಯಲ್ಲಿ ಕುಸ್ತಿ ಕಲಿಸುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮಕ್ಕಳನ್ನು ಸೇರಿಸಲು ಬರುವ ತಂದೆತಾಯಿಯರೂ ಕೇಳುತ್ತಾರೆ, ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡುತ್ತಲೇ ಬೆಳೆದ ಹಿರಿಯರೂ ಕೇಳುತ್ತಾರೆ. ಮಣ್ಣಿನ ಅಖಾಡದಲ್ಲಿ ಎದುರಾಳಿಯನ್ನು ಚಿತ್ ಮಾಡುವವರೆಗೆ ಕಾಯಲು ಪುರುಸೊತ್ತಿತ್ತು; ಮ್ಯಾಟ್ ಮೇಲೆ ಹದಿನೇಳರೊಳಗಿನವರಿಗೆ ಸಿಗುವುದು ಎರಡೆರಡು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡಿನ ವಿರಾಮ. ಅಷ್ಟರಲ್ಲಿ ತೀರ್ಮಾನ ಮಾಡುವುದು ಹೇಗೆ?

ಆ ಹೊತ್ತಿನಲ್ಲಿ ನಾನು ತೀರ್ಮಾನಿಸುವುದು ತೀರಾ ಕಡಿಮೆ. ವಿರಾಮದಲ್ಲಿ ಮೊದಲು ನೋಡುವುದು ಉಸಿರನ್ನು. ಬಾಯಿ ತೆರೆದು ಏದುಸಿರು ಬಿಡುತ್ತಿರುವ ಹುಡುಗನ ಕಿವಿಗೆ ಐದು ಮಾತು ಇಳಿಯುವುದಿಲ್ಲ, ಒಂದು ಇಳಿದರೆ ಹೆಚ್ಚು. ಆ ಒಂದು ಮಾತೂ ಗರಡಿಯಲ್ಲಿ ನೂರು ಸಲ ಕೇಳಿದ್ದೇ ಆಗಿರಬೇಕು. "ಎಡಗಾಲು ಹಿಂದಿಡು" ಎಂದರೆ ಸಾಕು, ಅದರ ಹಿಂದಿನ ಮೂರು ತಿಂಗಳ ಅಭ್ಯಾಸ ಅವನಿಗೆ ನೆನಪಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಬೆಂಕಿ ಆರಿಸುವ ದಳದ ಮುಖ್ಯಸ್ಥರನ್ನು ಅಧ್ಯಯನ ಮಾಡಿ ಕಂಡುಕೊಂಡದ್ದೂ ಹೀಗೆಯೇ ಇದೆ: ಅನುಭವಿಗಳು ನಾಲ್ಕು ದಾರಿಗಳನ್ನು ತೂಗಿ ನೋಡುತ್ತ ನಿಲ್ಲುವುದಿಲ್ಲ, ಎದುರಿನ ಸನ್ನಿವೇಶವನ್ನು ಗುರುತಿಸಿ, ಮೊದಲು ಹೊಳೆದ ದಾರಿಯನ್ನೇ ಹಿಡಿಯುತ್ತಾರೆ.

ನನ್ನ ನಿದ್ದೆ ಕೆಡಿಸುವ ತೀರ್ಮಾನ ಬೇರೆ. ಅದು ತೂಕದ್ದು.

54 ಕಿಲೋ ಇರುವ ಹುಡುಗನನ್ನು 55 ಕಿಲೋ ವಿಭಾಗದಲ್ಲಿ ಆಡಿಸಬೇಕೋ, ಮೂರು ಕಿಲೋ ಇಳಿಸಿ 51ರಲ್ಲಿ ಆಡಿಸಬೇಕೋ? ಇಳಿಸಿದರೆ ತನಗಿಂತ ಸಣ್ಣ ಮೈಕಟ್ಟಿನವರು ಸಿಗುತ್ತಾರೆ, ಪದಕ ಹತ್ತಿರ ಕಾಣುತ್ತದೆ. ವರ್ಷಗಳ ಹಿಂದೆ ನಾನೂ ಒಬ್ಬನಿಂದ ಹಾಗೆ ಮಾಡಿಸಿದೆ. ನೀರು ಬಿಡಿಸಿ, ಸ್ವೆಟರ್ ಹಾಕಿಸಿ ಓಡಿಸಿದೆ. ತೂಕವೇನೋ ಸರಿಬಂತು. ಎರಡನೆಯ ಸುತ್ತಿನಲ್ಲಿ ಅವನ ಕಾಲು ಏಳಲಿಲ್ಲ. ತಪ್ಪು ಅವನದಲ್ಲ, ನನ್ನದು. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಸತ್ತರೆಂದು ಆಮೇಲೆ ಓದಿದಾಗ ಕೈ ನಡುಗಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ದಿನ 100 ಗ್ರಾಂ ಹೆಚ್ಚಾಗಿ ಅನರ್ಹರಾದದ್ದನ್ನು ದೇಶವೇ ನೋಡಿತು. ಬೆಳೆಯುವ ಮಕ್ಕಳ ತೂಕವನ್ನು ನಾನೀಗ ಇಳಿಸುವುದಿಲ್ಲ. "ಒಂದೇ ಸಲ ಸರ್" ಎಂದು ತಂದೆ ಬೇಡಿಕೊಂಡರೂ ಇಲ್ಲ.

ಮೂಲೆಯಲ್ಲಿ ನನ್ನ ಕೈಗೆ ಬಿಟ್ಟ ತೀರ್ಮಾನವೊಂದಿದೆ: ಚಾಲೆಂಜ್. ತೀರ್ಪು ತಪ್ಪೆನಿಸಿದರೆ ತರಬೇತುದಾರ ಮೆತ್ತನೆಯ ಸ್ಪಂಜನ್ನು ಮ್ಯಾಟ್ ಮೇಲೆ ಎಸೆಯಬೇಕು, ವಿಡಿಯೊ ನೋಡುತ್ತಾರೆ. ನಮ್ಮ ಮಾತು ಸುಳ್ಳಾದರೆ ಎದುರಾಳಿಗೆ ಒಂದು ಅಂಕ. ಆದರೆ ಆಡುತ್ತಿರುವವರಿಗೆ ಒಪ್ಪಿಗೆಯಿಲ್ಲದಿದ್ದರೆ ಸ್ಪಂಜನ್ನು ಹಿಂದಕ್ಕೆ ಎಸೆಯಬಹುದು. ಈ ನಿಯಮ ನನಗೆ ಬಹಳ ಇಷ್ಟ.

ಒಮ್ಮೆ ನಮ್ಮ ಹುಡುಗಿಯೊಬ್ಬಳು 4–3ರಿಂದ ಮುಂದಿದ್ದಳು. ಕೊನೆಯ ಕ್ಷಣಗಳಲ್ಲಿ ಅವಳ ಕಾಲು ಗೆರೆ ದಾಟಿತೆಂದು ಎದುರಾಳಿಗೆ ಅಂಕ ಕೊಟ್ಟರು, 4–4. ದಾಟಿಲ್ಲವೆಂದು ನನ್ನ ಕಣ್ಣು ಹೇಳಿತು, ಸ್ಪಂಜ್ ಎಸೆದೆ. ಅವಳು ಅದನ್ನೆತ್ತಿ ನನ್ನತ್ತ ಎಸೆದು, ತಿರುಗಿ ನಿಂತಳು. ಕೋಪ ಬಂತು. ಮರುಕ್ಷಣ ಲೆಕ್ಕ ನೆನಪಾಯಿತು: ಅವಳದು ಎರಡೆರಡು ಅಂಕದ ಎರಡು ಪಟ್ಟು, ಎದುರಾಳಿಯದು ಅಂಥದ್ದು ಒಂದೇ, ಉಳಿದವು ಬಿಡಿ ಅಂಕಗಳು. ಸಮವಾಗಿ ಮುಗಿದರೆ ದೊಡ್ಡ ಪಟ್ಟು ಹೆಚ್ಚು ಹಾಕಿದವರಿಗೇ ಗೆಲುವು. ಚಾಲೆಂಜ್ ಸೋತಿದ್ದರೆ 4–5 ಆಗುತ್ತಿತ್ತು.

ಕೆಳಗಿಳಿದು ಬಂದವಳನ್ನು ಲೆಕ್ಕ ಗೊತ್ತಿತ್ತೇ ಎಂದು ಕೇಳಿದೆ.

"ಇಲ್ಲ ಸರ್. ಹಿಮ್ಮಡಿ ಹೊರಗೆ ತಾಗಿದ್ದು ನನಗೆ ಗೊತ್ತಾಗಿತ್ತು" ಎಂದಳು.